ಕೆಂಪು ಬಟ್ಟೆಯ ಬಸ್ತಾಗಳು: ಬಾಗಲಕೋಟೆ ಜಿಲ್ಲೆಯಾದ ಬಗೆ

1997ರ ಮಳೆಗಾಲದಲ್ಲಿ ನಾನು ವಿಜಾಪುರದಲ್ಲಿ ಕಂದಾಯ ಇಲಾಖೆಯ ಗುಮಾಸ್ತನಾಗಿದ್ದೆ. ಜಿಲ್ಲೆ ಒಡೆಯುತ್ತದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂದು, ಬಸ್ ನಿಲ್ದಾಣದ ಚಹಾದಂಗಡಿಗಳಲ್ಲಿ ಚರ್ಚೆಯಾಗಿ, ಹಳತೂ ಆದ ಮೇಲೆ ನಮ್ಮ ಕೈಗೆ ಬಂದದ್ದು ದಫ್ತರ ಕೋಣೆಯ ಕೆಲಸ. ಹನ್ನೊಂದು ತಾಲ್ಲೂಕುಗಳ ಕಾಗದಪತ್ರಗಳಿಂದ ಆರು ತಾಲ್ಲೂಕುಗಳ ಕಾಗದಪತ್ರಗಳನ್ನು ಆರಿಸಿ, ಪಟ್ಟಿ ಬರೆದು, ಲಾರಿಗೆ ಏರಿಸಬೇಕಿತ್ತು. ಬಾಗಲಕೋಟೆ, ಬಾದಾಮಿ, ಹುನಗುಂದ, ಬೀಳಗಿ, ಜಮಖಂಡಿ, ಮುಧೋಳ ಇವು ಹೋಗುವವು. ವಿಜಾಪುರ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಇವು ಉಳಿಯುವವು. ಆಗಸ್ಟ್ 15ರಂದು, ಸ್ವಾತಂತ್ರ್ಯದ ಐವತ್ತನೆಯ ವರ್ಷದ ದಿನ, ಜಿಲ್ಲೆ ಹುಟ್ಟಿತು ಎಂದು ಸರಕಾರಿ ಆದೇಶ ಹೇಳುತ್ತದೆ. ನನ್ನ ಮಟ್ಟಿಗೆ ಅದು ಹುಟ್ಟಿದ್ದು ಆ ಕೋಣೆಯಲ್ಲಿ, ಕಾಗದಪತ್ರ ಕಟ್ಟಿಟ್ಟ ಕೆಂಪು ಬಟ್ಟೆಯ ಬಸ್ತಾಗಳ ಗಂಟು ಬಿಚ್ಚುವಾಗ.

ಬಸ್ತಾ ಬಿಚ್ಚುವುದಕ್ಕೆ ಒಂದು ಕ್ರಮವಿದೆ. ಗಂಟನ್ನು ಎಳೆಯಬಾರದು, ಎಳೆದರೆ ಹಳೆಯ ಬಟ್ಟೆ ಹರಿಯುತ್ತದೆ. ಬೆರಳಿನಿಂದ ಸಡಿಲಿಸಿ ನಾಲ್ಕು ಮೂಲೆಗಳನ್ನು ನೆಲಕ್ಕೆ ಹಾಸಿ, ಮೇಲಿನ ಹಲಗೆಯನ್ನು ತೆಗೆದು, ಕಾಗದಗಳನ್ನು ಒಂದೊಂದಾಗಿ ಎಡಗೈಗೆ ದಾಟಿಸಬೇಕು. ಹೊಸ ಬಸ್ತಾಗಳಲ್ಲಿ ಕನ್ನಡವಿತ್ತು. ಅದರ ಕೆಳಗಿನ ಸಾಲುಗಳಲ್ಲಿ ಮುಂಬಯಿ ಸರಕಾರದ ಕಾಲದ ಇಂಗ್ಲಿಷು, ಇನ್ನೂ ಕೆಳಗೆ ಮೋಡಿ ಲಿಪಿಯ ಮರಾಠಿ. ಮೋಡಿ ಓದಬಲ್ಲ ಹಿರಿಯ ಸಹೋದ್ಯೋಗಿಯೊಬ್ಬರು ನಿವೃತ್ತಿಯ ಅಂಚಿನಲ್ಲಿದ್ದರು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದೊಂದು ಕಾಗದವನ್ನು ಅವರ ಕಣ್ಣಿಗೆ ಹಿಡಿದು ಯಾವ ಊರಿನದೆಂದು ಕೇಳುತ್ತಿದ್ದೆವು. ಹಾಗೆ ಕೇಳುತ್ತಾ ಹೋದಾಗ ಒಂದು ಮಧ್ಯಾಹ್ನ ಅವರು ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ಓದಿದರು: ‘ಜಿಲ್ಹಾ ಕಲಾದಗಿ.’ ಆಮೇಲೆ ನಮ್ಮ ಕಡೆ ತಿರುಗಿ, ‘ತಮ್ಮಾ, ನಾವೇನೂ ಹೊಸಾದು ಮಾಡಾಕತ್ತಿಲ್ಲೋ. ಇದು ತಿರುಗಿ ಮನಿಗೆ ಹೊಂಟೈತಿ’ ಎಂದರು.

ಆ ಮಾತನ್ನು ನಾನು ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳಿಂದ ನೆನೆಯುತ್ತಾ ಬಂದಿದ್ದೇನೆ, ಏಕೆಂದರೆ ಅದು ಅಕ್ಷರಶಃ ನಿಜ. ಬಾಗಲಕೋಟೆಯಿಂದ ಪಶ್ಚಿಮಕ್ಕೆ ಘಟಪ್ರಭಾ ದಂಡೆಯಲ್ಲಿರುವ ಕಲಾದಗಿ ಈಗ ದಾಳಿಂಬೆ, ನಿಂಬೆ, ಚಿಕ್ಕು ತೋಟಗಳ ಊರೆಂದು ಹೆಸರಾಗಿದೆ. ಆದರೆ 1864ರಲ್ಲಿ ಬ್ರಿಟಿಷರು ಧಾರವಾಡ, ಬೆಳಗಾವಿ, ಸೊಲ್ಲಾಪುರ ಭಾಗಗಳ ತಾಲ್ಲೂಕುಗಳನ್ನು ಸೇರಿಸಿ ಹೊಸ ಜಿಲ್ಲೆ ಕಟ್ಟಿದಾಗ ಅದರ ಹೆಸರು ಕಲಾದಗಿ ಜಿಲ್ಲೆ, ಕೇಂದ್ರ ಕಲಾದಗಿ. ದಂಡಿನ ಠಾಣೆಯೂ ಅಲ್ಲಿಯೇ ಇತ್ತು. 1876ರಿಂದ 1878ರ ಬರಗಾಲ ಈ ಜಿಲ್ಲೆಯನ್ನು ಹಿಂಡಿದಷ್ಟು ಮುಂಬಯಿ ಪ್ರಾಂತದ ಬೇರೆ ಕೆಲವೇ ಜಿಲ್ಲೆಗಳನ್ನು ಹಿಂಡಿರಬೇಕು. 1872ರ ಜನಗಣತಿಯಲ್ಲಿ ಎಂಟು ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ ಆರೂವರೆ ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಸತ್ತವರು ಎಷ್ಟು, ಗುಳೆ ಹೋದವರು ಎಷ್ಟು ಎಂದು ಆ ಅಂಕಿಯಿಂದ ತಿಳಿಯುವುದಿಲ್ಲ, ಆದರೆ ಒಂದು ಜಿಲ್ಲೆಯ ಐದರಲ್ಲಿ ಒಂದು ಪಾಲು ಜನ ಪಟ್ಟಿಯಿಂದ ಇಲ್ಲವಾದರು ಎಂಬುದು ತಿಳಿಯುತ್ತದೆ. ಗದಗದಿಂದ ಹೊಟಗಿಗೆ ಹೋಗುವ ರೈಲುಮಾರ್ಗ 1884ರಲ್ಲಿ ವಿಜಾಪುರವನ್ನು ಮುಟ್ಟಿತು. ಆದಿಲಶಾಹಿ ಕಾಲದ ಅರಮನೆಗಳನ್ನೇ ದುರಸ್ತಿ ಮಾಡಿದರೆ ಕಚೇರಿಗಳಿಗೆ ಕಟ್ಟಡ ಸಿಗುತ್ತದೆಂದು ಸರಕಾರ ಲೆಕ್ಕ ಹಾಕಿತು. 1885ರಲ್ಲಿ ಕೇಂದ್ರ ಸ್ಥಳಾಂತರವಾಯಿತು, ಜಿಲ್ಲೆಯ ಹೆಸರೂ ಬದಲಾಯಿತು. ಅಂದು ಕೃಷ್ಣೆಯನ್ನು ದಾಟಿ ಉತ್ತರಕ್ಕೆ ಹೋದ ಬಸ್ತಾಗಳು ನೂರಾ ಹನ್ನೆರಡು ವರ್ಷಗಳ ಮೇಲೆ ಅದೇ ನದಿಯನ್ನು ದಾಟಿ ದಕ್ಷಿಣಕ್ಕೆ ಬಂದವು.

ಚಾಲುಕ್ಯರ ಬಗ್ಗೆ ನಾನಿಲ್ಲಿ ಹೆಚ್ಚು ಬರೆಯುವುದಿಲ್ಲ. 543ರಲ್ಲಿ ಒಂದನೆಯ ಪುಲಕೇಶಿ ಬಾದಾಮಿಯ ಬಂಡೆಯ ಮೇಲೆ ಕೋಟೆ ಕಟ್ಟಿಸಿದ್ದು, 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಇಮ್ಮಡಿ ಪುಲಕೇಶಿಯನ್ನು ಹೊಗಳಿದ್ದು, ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಶಾಲೆಯ ಮಕ್ಕಳಿಗೂ ಗೊತ್ತಿದೆ. ಹೊಸ ಜಿಲ್ಲೆಗೆ ಮೊದಲ ದಿನದಿಂದಲೇ ಹೇಳಿಕೊಳ್ಳಲು ಇಷ್ಟು ದೊಡ್ಡ ಹೆಸರುಗಳಿದ್ದವು, ಇದು ಅದರ ಭಾಗ್ಯ. ಆದರೆ ಆಡಳಿತಕ್ಕೆ ಬೇಕಾಗುವ ಇತಿಹಾಸ ಇನ್ನೂ ಹತ್ತಿರದ್ದು. ಈ ಆರು ತಾಲ್ಲೂಕುಗಳು ಒಂದೇ ಸರಕಾರದ ಕೆಳಗೆ ಬೆಳೆದವಲ್ಲ. ಬಾದಾಮಿ, ಹುನಗುಂದ, ಬಾಗಲಕೋಟೆ ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದವು. ಮುಧೋಳದಲ್ಲಿ ಘೋರ್ಪಡೆಯವರ ಸಂಸ್ಥಾನ, ಜಮಖಂಡಿಯಲ್ಲಿ ಪಟವರ್ಧನರ ಸಂಸ್ಥಾನ. ಎರಡೂ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಜಮಖಂಡಿ ಸಂಸ್ಥಾನದ ಕೊನೆಯ ದಿನಗಳಲ್ಲಿ ಅಲ್ಲಿ ಮಂತ್ರಿಯಾಗಿದ್ದ, ಅದೇ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರು ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, ದೇಶದ ಉಪರಾಷ್ಟ್ರಪತಿಯಾಗಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯೂ ಆದರು. ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸುವ ಕಾನೂನನ್ನು ಧಿಕ್ಕರಿಸಿ ಸತ್ತದ್ದನ್ನು ನಮ್ಮ ಕಡೆ ಲಾವಣಿಯಾಗಿ ಇಂದಿಗೂ ಹಾಡುತ್ತಾರೆ. ಈ ವ್ಯತ್ಯಾಸ ಕಾಗದದಲ್ಲಿಯೂ ಇತ್ತು. ಸಂಸ್ಥಾನದ ಊರುಗಳ ಇನಾಮು ಭೂಮಿಯ ದಾಖಲೆಗಳು ಬೇರೆ ಬಗೆಯವು, ಬೇರೆ ಅಳತೆಯ ಕಾಗದದವು, ಬೇರೆ ಮುದ್ರೆಯವು. ನಮ್ಮ ಪಟ್ಟಿಯ ಅಂಕಣಗಳಲ್ಲಿ ಅವುಗಳನ್ನು ಕೂರಿಸುವುದು ಬಹಳ ಕಷ್ಟವಾಯಿತು.

ನೆನಪಿನಲ್ಲಿ ಉಳಿದ ಇನ್ನೊಂದು ತೊಡಕು ಕೃಷ್ಣೆಯದು. ನದಿಯ ಆಚೆ ದಂಡೆಯಲ್ಲಿ ಕೊಲ್ಹಾರ, ಈಚೆ ದಂಡೆಯಲ್ಲಿ ಕೊರ್ತಿ. ಕೊಲ್ಹಾರ ಆಗ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದು, ಆದ್ದರಿಂದ ಉಳಿಯುವುದು. ಕೊರ್ತಿ ಬೀಳಗಿಯದು, ಆದ್ದರಿಂದ ಹೋಗುವುದು. ಹಾಗಾದರೆ ನಡುವಿನ ಸೇತುವೆಯ ಕಡತ ಎಲ್ಲಿಗೆ? ಮಡಕೆಯಲ್ಲಿ ಗಟ್ಟಿ ಮೊಸರು ಮಾರುವ ಕೊಲ್ಹಾರದಲ್ಲಿ ಇಳಿದು, ಊಟ ಮುಗಿಸಿ, ಸೇತುವೆ ದಾಟಿ ಬಾಗಲಕೋಟೆಗೆ ಹೋಗುವುದು ನಮಗೆಲ್ಲ ಒಂದೇ ಜಿಲ್ಲೆಯೊಳಗಿನ ಓಡಾಟವಾಗಿತ್ತು. ಕಡೆಗೆ ಮೂಲ ಕಡತ ವಿಜಾಪುರದಲ್ಲಿಯೇ ಉಳಿಯಿತು, ಕೈಬರಹದ ನಕಲು ಬಾಗಲಕೋಟೆಗೆ ಬಂತು. ಆ ನಕಲಿನ ಕೆಲವು ಪುಟಗಳನ್ನು ಬರೆದವನು ನಾನೇ.

ಜೆ.ಎಚ್. ಪಟೇಲರ ಸರಕಾರ ಆ ವರ್ಷ ಏಳು ಜಿಲ್ಲೆಗಳನ್ನು ಮಾಡಿತು. ಬಾಗಲಕೋಟೆಯ ಜೊತೆಗೆ ಗದಗ, ಹಾವೇರಿ, ಕೊಪ್ಪಳ, ದಾವಣಗೆರೆ, ಚಾಮರಾಜನಗರ, ಉಡುಪಿ ಸೇರಿ, ಇಪ್ಪತ್ತಿದ್ದ ಜಿಲ್ಲೆಗಳು ಇಪ್ಪತ್ತೇಳಾದವು. ವಾಸುದೇವರಾವ್, ಹುಂಡೇಕಾರ, ಗದ್ದಿಗೌಡರ ಅವರ ಹೆಸರಿನ ಸಮಿತಿಗಳು ಹಲವು ವರ್ಷ ಈ ವಿಷಯವನ್ನು ಅಳೆದು ತೂಗಿದ್ದವು. ಬೆಳಗಾವಿಯನ್ನೂ ಒಡೆದು ಚಿಕ್ಕೋಡಿ, ಗೋಕಾಕ ಜಿಲ್ಲೆಗಳನ್ನು ಮಾಡುವ ಆದೇಶ ಆಗಲೇ ಹೊರಟಿತ್ತು. ಗಡಿ ವಿವಾದ ಇರುವಾಗ ಬೆಳಗಾವಿಯನ್ನು ಒಡೆದರೆ ಕನ್ನಡದ ಬಲ ಕುಗ್ಗುತ್ತದೆ ಎಂದು ಕನ್ನಡಪರ ಸಂಘಟನೆಗಳು ಬೀದಿಗಿಳಿದ ಮೇಲೆ ಸರಕಾರ ಅದನ್ನು ಹಿಂದಕ್ಕೆ ಪಡೆಯಿತು. ಕಾನೂನಿನ ಮಟ್ಟಿಗೆ ಜಿಲ್ಲೆ ಮಾಡುವುದು ಕಷ್ಟದ ಕೆಲಸವಲ್ಲ, 1964ರ ಭೂ ಕಂದಾಯ ಕಾಯ್ದೆಯಡಿ ರಾಜ್ಯ ಸರಕಾರದ ಅಧಿಸೂಚನೆಯೊಂದು ಸಾಕು. ಅಧಿಸೂಚನೆಯ ನಂತರ ಬರುವ ಸಂಬಳದ ಪಟ್ಟಿ, ಖಜಾನೆ, ಪೊಲೀಸ್ ವರಿಷ್ಠರ ಕಚೇರಿ, ಜಿಲ್ಲಾ ಪಂಚಾಯತಿ, ಜಿಲ್ಲಾ ನ್ಯಾಯಾಲಯ, ಜಿಲ್ಲಾಸ್ಪತ್ರೆ, ಇವೇ ಜಿಲ್ಲೆ. ನಮ್ಮಲ್ಲಿ ಇವೆಲ್ಲ ಒಂದೇ ದಿನ ಬರಲಿಲ್ಲ. ಮೊದಲ ವರ್ಷಗಳಲ್ಲಿ ಒಂದು ಇಲಾಖೆಯನ್ನು ಹುಡುಕಿಕೊಂಡು ಬಂದ ರೈತನಿಗೆ, ‘ಆ ಕೆಲಸ ಇನ್ನೂ ವಿಜಾಪುರದಾಗೇ ಐತ್ರಿ’ ಎಂದು ಹೇಳಿ ಕಳಿಸುವಾಗ ಎಷ್ಟೋ ಸಲ ನನ್ನ ಗಂಟಲು ಕಟ್ಟಿದೆ.

ಆದರೂ ಬಂದ ಅನುಕೂಲವನ್ನು ಕಡಿಮೆ ಎಣಿಸಬಾರದು. ಇಳಕಲ್ಲಿನಿಂದ ವಿಜಾಪುರಕ್ಕೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಬಾದಾಮಿಯ ಆಚೆಯ ಹಳ್ಳಿಯವರು ನಸುಕಿನ ಬಸ್ಸು ಹಿಡಿದು ಹೊರಟರೆ, ಸಾಹೇಬರು ದೌರೆಯ ಮೇಲಿದ್ದಾರೆ ಎಂಬ ಮಾತು ಕೇಳಿ, ಗೋಳಗುಮ್ಮಟದ ಆಸುಪಾಸಿನ ಧರ್ಮಶಾಲೆಯಲ್ಲಿ ರಾತ್ರಿ ಕಳೆದು, ಮರುದಿನ ಊರಿಗೆ ಮರಳುತ್ತಿದ್ದರು. ಬುತ್ತಿಯಲ್ಲಿ ಎರಡು ದಿನದ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದ ಜನರನ್ನು ನಾನು ಬಲ್ಲೆ. ಜಿಲ್ಲೆಯಾದ ಮರುವರ್ಷ ಬಾಗಲಕೋಟೆಯ ಕಚೇರಿಗೆ ಗುಳೇದಗುಡ್ಡದ ಕಡೆಯ ಅಜ್ಜಿಯೊಬ್ಬರು ವಾರಸಾ ತಕರಾರಿನ ಅರ್ಜಿ ಹಿಡಿದು ಬಂದಿದ್ದರು. ಕೆಲಸ ಮುಗಿಯುವಾಗ ಸಂಜೆ ನಾಲ್ಕು. ‘ಯಪ್ಪಾ, ದೀಪಾ ಹಚ್ಚೂದ್ರಾಗ ಮನೀಗೆ ಹೊಕ್ಕೀನೇನೋ?’ ಎಂದು ಕೇಳಿದರು. ಹೋಗುತ್ತೀರಿ ಎಂದೆ. ಅವರು ನಂಬಲಾರದೆ ಇನ್ನೊಮ್ಮೆ ಕೇಳಿದರು.

ಜಮಖಂಡಿಯವರಿಗೆ ಮಾತ್ರ ಈ ಲೆಕ್ಕ ತಿರುಗಾಮುರುಗಾ. ಅಲ್ಲಿಂದ ವಿಜಾಪುರ ಸುಮಾರು ಅರವತ್ತು ಕಿಲೋಮೀಟರಾದರೆ ಬಾಗಲಕೋಟೆ ಎಪ್ಪತ್ತರ ಮೇಲಿದೆ. ಉಪವಿಭಾಗಾಧಿಕಾರಿಗಳ ಕಚೇರಿ ಅಲ್ಲಿಯೇ ಇರುವುದರಿಂದ ಪ್ರಾಂತ ಸಾಹೇಬರ ಮಟ್ಟದ ಕೆಲಸಗಳು ಊರಲ್ಲೇ ಆಗುತ್ತವೆ, ಆದರೆ ಜಿಲ್ಲೆಯ ಕೆಲಸಕ್ಕೆ ಮೊದಲಿಗಿಂತ ದೂರ ಹೋಗಬೇಕು. ಜಮಖಂಡಿಯನ್ನೇ ಜಿಲ್ಲೆ ಮಾಡಿರೆಂಬ ಬೇಡಿಕೆ ಅಲ್ಲಿ ಆಗಾಗ ಏಳುವುದಕ್ಕೆ ಸಂಸ್ಥಾನದ ಹೆಮ್ಮೆಯ ಜೊತೆಗೆ ಈ ರಸ್ತೆಯೂ ಕಾರಣ. ಆರು ತಾಲ್ಲೂಕುಗಳ ಜೊತೆಗೆ ಆಮೇಲೆ ರಬಕವಿ-ಬನಹಟ್ಟಿ, ಇಳಕಲ್, ಗುಳೇದಗುಡ್ಡ, ತೇರದಾಳ ತಾಲ್ಲೂಕುಗಳಾದವು. ನಾಲ್ಕೂ ನೇಕಾರರ ಊರುಗಳು ಎಂಬುದು ಗಮನಿಸಬೇಕಾದ ಸಂಗತಿ. ಹೊಲದ ಕಂದಾಯವೇ ಆಡಳಿತದ ಅಳತೆಗೋಲಾಗಿದ್ದ ಕಾಲದಲ್ಲಿ ಮಗ್ಗದ ಊರುಗಳು ಮಾಮಲೇದಾರ ಕಚೇರಿಗೆ ಅರ್ಹವೆನಿಸಲಿಲ್ಲ.

ಈ ಜಿಲ್ಲೆ ಬದುಕುವುದು ಮಗ್ಗದ ಮೇಲೆ ಮತ್ತು ನೀರಿನ ಮೇಲೆ. ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ತಯಾರಿಸಿ, ಕುಣಿಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಜೋಡಣೆಯಿಂದಲೇ ಕೆಂಪು ಸೆರಗಿನ ಬಿಳಿ ತೋಪು ತೆನಿ ವಿನ್ಯಾಸ ಮೂಡುತ್ತದೆ. ಕೊಂಡಿ ಹಾಕುವ ಹೆಂಗಸರ ಬೆರಳನ್ನು ಹತ್ತಿರದಿಂದ ನೋಡಿದವರಿಗೆ ಒಂದು ಸೀರೆಯ ಬೆಲೆ ಹೆಚ್ಚೆನಿಸುವುದಿಲ್ಲ. ಗುಳೇದಗುಡ್ಡದ ಖಣಕ್ಕೂ, ಅಂದರೆ ಅಲ್ಲಿಯ ರವಿಕೆ ಬಟ್ಟೆಗೂ, ಇಳಕಲ್ ಸೀರೆಗೂ ಭೌಗೋಳಿಕ ಗುರುತು ದೊರೆತಿದೆ, ಆದರೆ ರಬಕವಿ-ಬನಹಟ್ಟಿಯಲ್ಲಿ ಕೈಮಗ್ಗಗಳ ಜಾಗವನ್ನು ವಿದ್ಯುತ್ ಮಗ್ಗಗಳು ಆಕ್ರಮಿಸಿ ಬಹಳ ಕಾಲವಾಯಿತು.

ನೀರಿನ ಕಥೆ ಇನ್ನೂ ದೊಡ್ಡದು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಈ ಜಿಲ್ಲೆಯಲ್ಲಿ ಹರಿದು, ಕೃಷ್ಣೆಯೂ ಮಲಪ್ರಭೆಯೂ ಕೂಡಲಸಂಗಮದಲ್ಲಿ ಸೇರುತ್ತವೆ. ಹಿಡಕಲ್ ಅಣೆಕಟ್ಟಿನ ಕಾಲುವೆ ಮುಧೋಳ, ಜಮಖಂಡಿಗೆ ಕಬ್ಬನ್ನು ತಂದಿತು. ಕಬ್ಬು ಸಕ್ಕರೆ ಕಾರ್ಖಾನೆಗಳನ್ನೂ ಮಹಾಲಿಂಗಪುರದ ಬೆಲ್ಲದ ಪೇಟೆಯನ್ನೂ ಬೆಳೆಸಿತು. ಕಬ್ಬಿನ ಬೆಲೆಗಾಗಿ ರಸ್ತೆ ತಡೆಯಾಗದೆ ಇಲ್ಲಿ ಹಂಗಾಮು ಶುರುವಾಗುವುದು ಅಪರೂಪ. ಸರಕಾರದ ದಾರಿ ಕಾಯದೆ ಜಮಖಂಡಿ ತಾಲ್ಲೂಕಿನ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು. ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರು ಎರಡು ವರ್ಷಗಳ ಮೇಲೆ ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರಂಥ ನಾಯಕರನ್ನು ಸೋಲಿಸಿದರು. ಈ ಸೀಮೆಯ ಮತದಾರರ ಮನಸ್ಸನ್ನು ತಿಳಿಯಬೇಕೆನ್ನುವವರಿಗೆ ನಾನು ಮೊದಲು ಈ ಬ್ಯಾರೇಜನ್ನು ತೋರಿಸುತ್ತೇನೆ.

ಆದರೆ ಕೃಷ್ಣೆಯ ಅದೇ ನೀರು ಜಿಲ್ಲೆಯ ಕೇಂದ್ರವನ್ನೇ ಕೇಳಿತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದಾಗ ಮುಖ್ಯಮಂತ್ರಿಯಾಗಿದ್ದವರು ಎಸ್. ನಿಜಲಿಂಗಪ್ಪನವರು, ಅವರು ಆಗ ಬಾಗಲಕೋಟೆಯಿಂದಲೇ ವಿಧಾನಸಭೆಗೆ ಆಯ್ಕೆಯಾಗಿದ್ದರು. ಅಣೆಕಟ್ಟಿನ ಹಿನ್ನೀರು ಘಟಪ್ರಭೆಯಲ್ಲಿ ಹಿಂದಕ್ಕೇರಿ ಬಾಗಲಕೋಟೆ ಪೇಟೆಯನ್ನು ಮುಟ್ಟುವುದೆಂದು ಗೊತ್ತಾದ ಮೇಲೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ರಚನೆಯಾಯಿತು, ಎತ್ತರದ ನೆಲದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಯೋಜನೆಯಂತೆ ನವನಗರದ ಸೆಕ್ಟರುಗಳು ಎದ್ದವು. ಅಂದರೆ ಯಾವ ಊರನ್ನು ಜಿಲ್ಲಾ ಕೇಂದ್ರವೆಂದು ಸಾರಿದರೋ ಅದೇ ಊರಿನ ಅರ್ಧವನ್ನು ಖಾಲಿ ಮಾಡಿಸುವ ಕೆಲಸ ಆಗಲೇ ನಡೆದಿತ್ತು. ಜಿಲ್ಲಾಧಿಕಾರಿ ಕಚೇರಿಗೆ ಬೇಕಾದ ನೆಲ, ಅಗಲ ರಸ್ತೆ, ಹೊಸ ಕಟ್ಟಡ ಬಾಗಲಕೋಟೆಗೆ ಸುಲಭವಾಗಿ ಒದಗಿದ್ದರೆ ಅದು ಮುಳುಗಡೆಯಾದವರ ದಯೆಯಿಂದ. ಈ ಜಿಲ್ಲೆಯ ಬಗ್ಗೆ ನನಗೆ ಹೇಳಬೇಕಾಗಿರುವ ಮಾತು ಮುಖ್ಯವಾಗಿ ಇದೇ: ಇದರ ಆಡಳಿತ ಮೊದಲ ದಿನದಿಂದ ಈ ಜನರಿಗೆ ಋಣಿಯಾಗಿದೆ, ಜಿಲ್ಲೆಯ ಯಾವ ಏಳಿಗೆಯನ್ನೂ ಆ ಋಣವನ್ನು ಬದಿಗಿಟ್ಟು ಲೆಕ್ಕ ಹಾಕಲಾಗದು.

ಹಳೆ ಬಾಗಲಕೋಟೆಯ ಮನೆಗಳನ್ನು ಕೆಡವಿದ್ದನ್ನು ನಾನು ನೋಡಿದ್ದೇನೆ. ಮೊದಲು ಗೋಡೆಯ ಮೇಲೆ ಬಣ್ಣದಲ್ಲಿ ನಂಬರು ಬೀಳುತ್ತದೆ. ಆಮೇಲೆ ಪಂಚನಾಮೆ. ಪರಿಹಾರದ ಹಣ ಬಂದ ಮೇಲೆ ಮನೆಯವರೇ ಬಾಗಿಲು, ಚೌಕಟ್ಟು, ಸಾಗವಾನಿ ಕಂಬ, ತೊಲೆಗಳನ್ನು ಬಿಚ್ಚಿ ಬಂಡಿಗೆ ಹೇರುತ್ತಾರೆ, ಏಕೆಂದರೆ ಹೊಸ ಮನೆಗೆ ಹಳೆಯ ಬಾಗಿಲಾದರೂ ಇರಲಿ ಎಂಬ ಆಸೆ. ದೇವರ ಜಗಲಿಯ ಕಲ್ಲನ್ನು ಕೊನೆಗೆ ಕೀಳುತ್ತಾರೆ. ಹಳೆ ಊರಿನ ಕಿಲ್ಲಾ ಭಾಗದ ಒಂದು ಮನೆಯಲ್ಲಿ ಕಂಬ ಕಿತ್ತ ಕುಣಿಯಲ್ಲಿ ಮನೆಯ ಹಿರಿಯರು ಒಂದು ಹಿಡಿ ಜೋಳ ಹಾಕಿ ಮಣ್ಣು ಮುಚ್ಚಿದ್ದನ್ನು ಕಂಡೆ. ಏಕೆ ಎಂದು ಕೇಳುವ ಧೈರ್ಯವಾಗಲಿಲ್ಲ. ನೂರಾರು ವರ್ಷಗಳ ಓಣಿಗಳಲ್ಲಿ ಹೋಳಿಯ ಹಲಗಿ ಬಾರಿಸುತ್ತಾ ಬಣ್ಣದ ಬಂಡಿಗಳನ್ನು ಹೊರಡಿಸುತ್ತಿದ್ದ ಜನ ಸೆಕ್ಟರಿನ ನಂಬರುಗಳಿಗೆ ಹಂಚಿಹೋದರು. ಉಳಿದವರು ಇಂದಿಗೂ ತಮ್ಮನ್ನು ಸಮುದ್ರಮಟ್ಟದ ಮೀಟರುಗಳಿಂದ, ಎಂದರೆ ನೀರು ಎಷ್ಟು ಎತ್ತರಕ್ಕೆ ನಿಂತರೆ ತಮ್ಮ ಮನೆ ಮುಳುಗಡೆಗೆ ಸೇರುತ್ತದೆ ಎಂಬುದರಿಂದ, ಗುರುತಿಸಿಕೊಳ್ಳುತ್ತಾರೆ: ಇವರು ಐನೂರಾ ಇಪ್ಪತ್ತೊಂದರವರು, ಅವರು ಇಪ್ಪತ್ಮೂರರವರು. ಜಾತಿ, ಓಣಿ, ಮನೆತನದ ಹೆಸರಿನ ಜೊತೆಗೆ ಇದೂ ಒಂದು ವಿಳಾಸವಾಗಿದೆ.

ಸುಪ್ರೀಂ ಕೋರ್ಟು 2000ದಲ್ಲಿ ಆಲಮಟ್ಟಿಯಲ್ಲಿ 519.6 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿತು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಜಲಾಶಯವನ್ನು ದೇಶಕ್ಕೆ ಅರ್ಪಿಸಿದರು. ಕೃಷ್ಣೆಯ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ 2010ರ ಕೊನೆಯಲ್ಲಿ ಎತ್ತರವನ್ನು 524.256 ಮೀಟರಿಗೆ ಏರಿಸಲು ಅನುಮತಿ ಕೊಟ್ಟಿತು, ಆದರೆ ನದಿಯ ಕೆಳಗಿನ ರಾಜ್ಯಗಳ ಆಕ್ಷೇಪ ಸುಪ್ರೀಂ ಕೋರ್ಟಿನಲ್ಲಿ ಇರುವುದರಿಂದ ಕೇಂದ್ರದ ಗೆಜೆಟ್ ಅಧಿಸೂಚನೆ ಹೊರಬಿದ್ದಿಲ್ಲ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದ ಮುಳುಗಡೆ ಭೂಮಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣ ಬೇಸಾಯವಾದರೆ 30 ಲಕ್ಷ ರೂಪಾಯಿ ಎಂದು ಗೊತ್ತುಪಡಿಸಿತು. ಮೊದಲ ಹಂತಗಳಲ್ಲಿ ಜಮೀನು ಕೊಟ್ಟವರಿಗೆ ಇದನ್ನು ಕೇಳಿ ಏನನಿಸಿರಬಹುದು? 1894ರ ಭೂಸ್ವಾಧೀನ ಕಾಯ್ದೆಯಡಿ ಅವರಿಗೆ ಕೈಗೆ ಬಂದದ್ದು ಅಲ್ಪ. ಹೆಚ್ಚಿನ ಪರಿಹಾರಕ್ಕೆ ವರ್ಷಗಟ್ಟಲೆ ಕೋರ್ಟಿನ ಕಟ್ಟೆ ಹತ್ತಿದರು, ಗೆದ್ದ ಹಣ ಹಲವರ ಮಕ್ಕಳ ಕೈಗೆ ಬಂತು. ಒಂದೇ ಯೋಜನೆಗೆ ಒಂದೇ ಊರಿನಲ್ಲಿ ಜಮೀನು ಕೊಟ್ಟ ಅಣ್ಣನಿಗೂ ತಮ್ಮನಿಗೂ ಇಷ್ಟು ಅಂತರವಾದರೆ, ಅದನ್ನು ಸರಿದೂಗಿಸುವ ದಾರಿಯೊಂದನ್ನು ಸರಕಾರ ಹುಡುಕಲೇಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 18,89,752. 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಬಂತು, ಅದೇ ವರ್ಷ ಗದಗ-ಹೊಟಗಿ ಮೀಟರ್ ಗೇಜ್ ಮಾರ್ಗ ಬ್ರಾಡ್ ಗೇಜ್ ಆಯಿತು. ಬಾಗಲಕೋಟೆ-ಕುಡಚಿ ಮಾರ್ಗ ಮಾತ್ರ ಖಜ್ಜಿಡೋಣಿಯವರೆಗೆ ಬಂದು ಬಹಳ ಕಾಲ ಅಲ್ಲಿಯೇ ನಿಂತಿತು. ಅದು ಪೂರ್ತಿಯಾದರೆ ಲೋಕಾಪುರದ ಸಿಮೆಂಟು, ಮುಧೋಳದ ಸಕ್ಕರೆ ರೈಲು ಹತ್ತುತ್ತವೆ, ಜಮಖಂಡಿ ಸೀಮೆಯ ಜನರ ದೂರವೂ ಕಡಿಮೆಯಾದೀತು. ಪಹಣಿಗಳು ಗಣಕಯಂತ್ರಕ್ಕೆ ಏರಿದ ಮೇಲೆ ಉತಾರಕ್ಕಾಗಿ ಯಾರೂ ತಲಾಟಿಯ ಮನೆ ಬಾಗಿಲು ಕಾಯಬೇಕಿಲ್ಲ. ಆದರೆ ಮುಳುಗಡೆಯ ಕಾಗದಗಳು ಹಳೆಯವು, ಹಲವು ಗಣಕಯಂತ್ರಕ್ಕೂ ಮೊದಲಿನವು, ಅವುಗಳಿಗಾಗಿ ಜನ ಇನ್ನೂ ಬಸ್ತಾಗಳ ಬಳಿಗೇ ಬರಬೇಕು.

ನಿವೃತ್ತನಾದ ಮೇಲೆಯೂ ನನ್ನ ಬಳಿ ಅಂಥವರು ಬರುತ್ತಾರೆ, ಕಾಗದ ಓದಿಸಿಕೊಳ್ಳಲು. ಕಳೆದ ತಿಂಗಳು ನಮ್ಮ ಸೆಕ್ಟರಿನ ಹಿರಿಯರೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಮೂರು ಕಾಗದ ತಂದಿದ್ದರು. ಮುತ್ತಜ್ಜನ ಹೆಸರಿನ ಮೋಡಿ ಬರಹದ ಜೀರ್ಣ ಹಾಳೆಯ ಮೇಲೆ ಜಿಲ್ಹಾ ಕಲಾದಗಿ ಎಂದಿತ್ತು. ಆ ಎರಡು ಶಬ್ದಗಳನ್ನು ಮಾತ್ರ ನಾನು ಮೋಡಿಯಲ್ಲಿ ಗುರುತಿಸಬಲ್ಲೆ. ತಂದೆಯ ಹೆಸರಿನ ಸಿಟಿ ಸರ್ವೆ ಉತಾರದ ಮೇಲೆ ಜಿಲ್ಲಾ ವಿಜಾಪುರ. ಅವರದೇ ಹೆಸರಿನ ನವನಗರದ ಹಕ್ಕುಪತ್ರದ ಮೇಲೆ ಜಿಲ್ಲೆ ಬಾಗಲಕೋಟೆ. ಅವರ ಮನೆತನದವರು ಯಾವ ಕಾಲಕ್ಕೂ ಈ ನದಿಯ ದಂಡೆ ಬಿಟ್ಟು ಹೋದವರಲ್ಲ. ಊರ ಹೊರಗಿನ ಎರಡೆಕರೆ ಹೊಲ ಈ ಸಲದ ಎತ್ತರಕ್ಕೆ ಸಿಕ್ಕುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದಾರೆ. ಮೂರೂ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಕೇಳಿದರು: ‘ಇವು ಮೂರೂ ಬೇಕಾಗ್ತಾವೇನ್ರೀ, ಇಲ್ಲಾ ಒಂದ ಸಾಕಾಗ್ತೈತೇನು?’ ಮೂರನ್ನೂ ಜೋಪಾನವಾಗಿ ಇಟ್ಟುಕೊಳ್ಳಿ ಎಂದು ಹೇಳಿ, ಮೊದಲಿನದರ ದೃಢೀಕೃತ ನಕಲು ಪಡೆಯಲು ಅರ್ಜಿಯನ್ನು ಅಲ್ಲಿಯೇ ಕೂತು ಬರೆದುಕೊಟ್ಟೆ.